ಬಿಲ್ಡರ್ ಕೇಳುವ ‘ಇತರೆ ಶುಲ್ಕ’ ಯಾವ ರಸ್ತೆಗೆ, ಯಾವ ಪೈಪಿಗೆ?

ಊರ ಹೊರವಲಯದಲ್ಲಿ ಫ್ಲಾಟು, ಸೈಟು ಕೊಂಡವರ ಪತ್ರಗಳೇ ಈ ಸಲ ಹೆಚ್ಚು. ರಸ್ತೆ, ನೀರು, ಚರಂಡಿ, ಮೆಟ್ರೋ ಹೆಸರಿನಲ್ಲಿ ಕಟ್ಟಿಸಿಕೊಳ್ಳುವ ಹಣ ಯಾರ ಕೈ ಸೇರುತ್ತದೆ, ಲೆಕ್ಕ ಕೇಳುವುದು ಹೇಗೆ ಎಂಬುದೇ ಹೆಚ್ಚಿನವರ ಪ್ರಶ್ನೆ. ಒಂದು ಪತ್ರ ಗುರುಗ್ರಾಮದಿಂದ, ಇನ್ನೊಂದು ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಪರವಾಗಿ ಮೈಸೂರಿನಿಂದ ಬಂದಿದೆ.

ಪ್ರಶ್ನೆ: ಸರ್ಜಾಪುರ ರಸ್ತೆಯ ಕಡೆ 1,200 ಚದರ ಅಡಿಯ ಫ್ಲಾಟ್ ಬುಕ್ ಮಾಡಿದ್ದೇವೆ. ಕಾಸ್ಟ್ ಶೀಟಿನಲ್ಲಿ ‘ಬೆಸ್ಕಾಂ, ಜಲಮಂಡಳಿ ಮತ್ತು ಮೂಲಸೌಕರ್ಯ ಶುಲ್ಕ’ ಎಂದು ಚದರ ಅಡಿಗೆ 250 ರೂಪಾಯಿಯಂತೆ 3 ಲಕ್ಷ ಹಾಕಿದ್ದಾರೆ. ಇದು ಸರ್ಕಾರಕ್ಕೆ ಹೋಗುವ ಹಣವೇ?
– ಓದುಗರು, ಬೆಳ್ಳಂದೂರು

ಉತ್ತರ: ಒಂದು ಭಾಗ ಮಾತ್ರ ಸರ್ಕಾರಕ್ಕೆ. ಈ ಒಂದೇ ಸಾಲಿನಲ್ಲಿ ಮೂರು ಬಗೆಯ ಹಣ ಬೆರೆತಿರುತ್ತದೆ. ಬಿಡಿಸಿ ಬರೆದುಕೊಡಿ ಎಂದು ಕೇಳುವುದೇ ನಿಮ್ಮ ಮೊದಲ ಕೆಲಸ.

ಮೊದಲನೆಯದು, ಪ್ರಾಧಿಕಾರಗಳಿಗೆ ನಿಜವಾಗಿಯೂ ಕಟ್ಟುವ ಹಣ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಸೆಕ್ಷನ್ 18ರಂತೆ, ಭೂ ಉಪಯೋಗ ಬದಲಾವಣೆಗೆ ಅಥವಾ ಅಭಿವೃದ್ಧಿಗೆ ಅನುಮತಿ ಸಿಕ್ಕಿದ್ದರಿಂದ ಜಮೀನಿನ ಬೆಲೆ ಏರಿದರೆ ಯೋಜನಾ ಪ್ರಾಧಿಕಾರ ಅದರ ಮೇಲೆ ಶುಲ್ಕ ಹಾಕಬಹುದು. ಆ ಏರಿಕೆಯ ಮೂರರಲ್ಲೊಂದು ಪಾಲನ್ನು ಶುಲ್ಕ ಮೀರುವಂತಿಲ್ಲ. ಸೆಕ್ಷನ್ 18-ಎ ಪ್ರಕಾರ ನೀರು ಸರಬರಾಜು ಯೋಜನೆ, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆ ಎಂದು ಸೆಸ್ ಮತ್ತು ಸರ್ಚಾರ್ಜ್ ಬೀಳುತ್ತವೆ. ಬಿಡಿಎ ವ್ಯಾಪ್ತಿಯ ಖಾಸಗಿ ಲೇಔಟುಗಳಿಗೆ ಬಿಡಿಎ ಕಾಯ್ದೆಯ 32(5-ಎ) ಅನ್ವಯಿಸುತ್ತದೆ. ನೀರು, ವಿದ್ಯುತ್, ರಸ್ತೆ, ಸಾರಿಗೆ ಹೆಚ್ಚಿಸುವ ವೆಚ್ಚದಲ್ಲಿ ಒಂದು ಪಾಲನ್ನು ಲೇಔಟ್ ಮಾಡುವವರಿಂದ ಠೇವಣಿಯಾಗಿ ಪಡೆಯುವ ಅಧಿಕಾರ ಅದು. ಈ ಕಲಂ ಸಿಂಧು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ಕೊಟ್ಟಿದೆ. ಇವುಗಳ ಮೇಲೆ ಜಲಮಂಡಳಿಯ ಪ್ರೋ-ರೇಟಾ ಶುಲ್ಕ (ಇಡೀ ವ್ಯವಸ್ಥೆಯ ವೆಚ್ಚದಲ್ಲಿ ಕಟ್ಟಡದ ಪಾಲು), ಬೆಸ್ಕಾಂ ಠೇವಣಿ ಸೇರುತ್ತವೆ.

ಎರಡನೆಯದು, ಕಾಂಪೌಂಡಿನ ಒಳಗಿನ ಕೆಲಸ: ಟ್ರಾನ್ಸ್‌ಫಾರ್ಮರ್, ಪ್ಯಾನೆಲ್ ಬೋರ್ಡು, ಕೇಬಲ್, ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಜನರೇಟರ್, ಒಳರಸ್ತೆ. ಇದು ಕಟ್ಟಡದ ಖರ್ಚೇ ಹೊರತು ಸರ್ಕಾರಿ ಶುಲ್ಕ ಅಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಿಯಮಗಳ ಮಾದರಿ ಮಾರಾಟ ಕರಾರಿನಲ್ಲಿ ‘ಒಟ್ಟು ಬೆಲೆ’ ಎಂದರೆ ಜಮೀನು, ಕಟ್ಟಡ, ಸಾಮಾನ್ಯ ಪ್ರದೇಶ, ಆಂತರಿಕ ಅಭಿವೃದ್ಧಿ ಶುಲ್ಕ, ಬಾಹ್ಯ ಅಭಿವೃದ್ಧಿ ಶುಲ್ಕ, ತೆರಿಗೆ, ವೈರಿಂಗ್, ಲಿಫ್ಟು, ನೀರಿನ ಲೈನು ಎಲ್ಲವೂ ಸೇರಿದ್ದು. ಒಟ್ಟು ಬೆಲೆಯ ಹೊರಗೆ ಇವನ್ನು ಮತ್ತೊಮ್ಮೆ ಕೇಳಿದರೆ ಪ್ರಶ್ನಿಸಲು ಕಾರಣವಿದೆ.

ಮೂರನೆಯದು, ಮುಂಗಡ ನಿರ್ವಹಣಾ ಶುಲ್ಕ ಮತ್ತು ಕಾರ್ಪಸ್ (ಮುಂದಿನ ದೊಡ್ಡ ಖರ್ಚಿಗೆಂದು ಇಡುವ ನಿಧಿ). ಇದು ನಿವಾಸಿಗಳದೇ ಹಣ, ಮುಂದೆ ಸಂಘದ ಖಾತೆಗೆ ಬರಬೇಕಾದದ್ದು. ಮೂಲಸೌಕರ್ಯ ಶುಲ್ಕದ ಜೊತೆ ಬೆರೆಸಿಟ್ಟರೆ ಸಂಘ ರಚನೆಯಾಗುವ ಹೊತ್ತಿಗೆ ಎಷ್ಟು ಬರಬೇಕೆಂದು ಯಾರಿಗೂ ತಿಳಿದಿರುವುದಿಲ್ಲ.

ಲೆಕ್ಕ ಹೀಗೆ ಹಾಕಿ ನೋಡಿ. ನಿಮ್ಮ ಪ್ರಾಜೆಕ್ಟಿನಲ್ಲಿ ಇದೇ ಅಳತೆಯ 200 ಫ್ಲಾಟುಗಳಿವೆ ಅನ್ನೋಣ; ಒಟ್ಟು 2,40,000 ಚದರ ಅಡಿ. ಎಲ್ಲ ಪ್ರಾಧಿಕಾರಗಳ ಚಲನ್ ಸೇರಿ 1.2 ಕೋಟಿ ಆಗಿದ್ದರೆ ಚದರ ಅಡಿಗೆ 50 ರೂಪಾಯಿ, ನಿಮ್ಮ ಪಾಲು 60 ಸಾವಿರ. ಉಳಿದ 2.4 ಲಕ್ಷ ಎರಡನೇ, ಮೂರನೇ ಬಗೆಯದು. ಇನ್ನೊಂದು ಕಡೆ ಕಣ್ಣಿಡಿ. ಪ್ರಾಧಿಕಾರ ಬಿಲ್ ಮಾಡುವುದು ಮಂಜೂರಾದ ನಕ್ಷೆಯ ವಿಸ್ತೀರ್ಣಕ್ಕೆ, ಬಿಲ್ಡರ್ ವಸೂಲಿ ಮಾಡುವುದು ಸಾಮಾನ್ಯ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟ್-ಅಪ್ ವಿಸ್ತೀರ್ಣಕ್ಕೆ. ಎರಡನೆಯದು ದೊಡ್ಡದಾಗಿದ್ದರೆ, ಬಿಲ್ಲಿನ ದರವನ್ನೇ ನಿಮಗೆ ಹಾಕಿದರೂ ಕಟ್ಟಿದ್ದಕ್ಕಿಂತ ಹೆಚ್ಚು ಹಣ ಸಂಗ್ರಹವಾಗುತ್ತದೆ.

ಬೆಸ್ಕಾಂ ಠೇವಣಿಯ ಬಗ್ಗೆ ಒಂದು ಮಾತು. ಮೀಟರ್ ನಿಮ್ಮ ಹೆಸರಿಗೆ ಬಂದಮೇಲೆ ಭದ್ರತಾ ಠೇವಣಿಯೂ ನಿಮ್ಮ ಆರ್‌ಆರ್ ಸಂಖ್ಯೆಯಲ್ಲೇ ಇರಬೇಕು. ವಿದ್ಯುತ್ ಕಾಯ್ದೆ, 2003ರ ಸೆಕ್ಷನ್ 47ರ ಪ್ರಕಾರ ಅದಕ್ಕೆ ಬ್ಯಾಂಕ್ ದರಕ್ಕೆ ಕಡಿಮೆಯಿಲ್ಲದ ಬಡ್ಡಿ ಸಿಗಬೇಕು. ಅದು ಬಿಲ್ಡರ್ ಹೆಸರಲ್ಲೇ ಉಳಿದಿರುವುದು ಅಪರೂಪವಲ್ಲ. ಹಸ್ತಾಂತರದ ದಿನವೇ ನೋಡಿಕೊಳ್ಳಿ.

ಪ್ರಶ್ನೆ: ಜಲಮಂಡಳಿಗೆ ಹಣ ಕಟ್ಟಿದ ರಸೀದಿ ಇದೆ. ಕಾವೇರಿ ಮಾತ್ರ ಬಂದಿಲ್ಲ, ಟ್ಯಾಂಕರ್ ತಪ್ಪಿಲ್ಲ. ಹಣ ವಾಪಸ್ ಕೇಳಬಹುದೇ?
– ಅಪಾರ್ಟ್‌ಮೆಂಟ್ ಸಂಘವೊಂದರ ಪದಾಧಿಕಾರಿಗಳು, ಮಹದೇವಪುರ

ಉತ್ತರ: ಕೇಳಬಹುದು, ಆದರೆ ಸಿಗುವುದು ಕಷ್ಟ. ಪ್ರೋ-ರೇಟಾ ಎಂದರೆ ಇಡೀ ವ್ಯವಸ್ಥೆಯ ಸಾಮರ್ಥ್ಯದಲ್ಲಿ ನಿಮ್ಮ ಕಟ್ಟಡದ ಪಾಲಿನ ವೆಚ್ಚ. ಇಂಥ ದಿನ ನೀರು ಬಿಡುತ್ತೇವೆ ಎಂಬ ಮಾತು ಅದರಲ್ಲಿ ಇಲ್ಲ.

ಬೆಂಗಳೂರಿನ ಹೊರವಲಯಕ್ಕೆ ಇದು ಹೊಸ ಅನುಭವವಲ್ಲ. ಬೊಮ್ಮನಹಳ್ಳಿ, ಬ್ಯಾಟರಾಯನಪುರ, ದಾಸರಹಳ್ಳಿ, ಕೆ.ಆರ್. ಪುರ, ಮಹದೇವಪುರ, ರಾಜರಾಜೇಶ್ವರಿನಗರ, ಯಲಹಂಕ ಎಂಬ ಏಳು ನಗರಸಭೆಗಳು ಮತ್ತು ಕೆಂಗೇರಿ ಪುರಸಭೆಗೆ ಪೈಪು ಹಾಕಲು ‘ಗ್ರೇಟರ್ ಬೆಂಗಳೂರು ನೀರು ಮತ್ತು ನೈರ್ಮಲ್ಯ ಯೋಜನೆ’ ಮಾಡಿದಾಗ, ಮನೆಯವರಿಂದಲೇ ಮುಂಗಡವಾಗಿ ಫಲಾನುಭವಿ ವಂತಿಗೆ ವಸೂಲಿ ಮಾಡಲಾಯಿತು. ಸೈಟಿನ ಅಳತೆ ನೋಡಿ 2,500ರಿಂದ 15,000 ರೂಪಾಯಿವರೆಗೆ. ಇದರ ಜೊತೆಗೆ 2005ರಲ್ಲಿ 100 ಕೋಟಿ ರೂಪಾಯಿಯ ಬಾಂಡ್‌ಗಳನ್ನೂ ಮಾರಿದರು. ಪೈಪು ಬಂತು; ಅದರಲ್ಲಿ ಹರಿಸಲು ನೀರು ಬೇಕಿತ್ತಲ್ಲ! ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟದ 500 ಎಂಎಲ್‌ಡಿ (ದಿನಕ್ಕೆ 50 ಕೋಟಿ ಲೀಟರ್) ಬಂದದ್ದು 2012ರಲ್ಲಿ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಂತೂ ಐದನೇ ಹಂತಕ್ಕೆ ಕಾಯಬೇಕಾಯಿತು. 775 ಎಂಎಲ್‌ಡಿಯ ಆ ಯೋಜನೆಗೆ ಜಪಾನಿನ ಜೈಕಾ ಸಂಸ್ಥೆಯ ಸಾಲವಿದೆ. ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ.

ಹಾಗಾಗಿ ವಾಪಸಾತಿಯ ಹಿಂದೆ ಬೀಳುವುದಕ್ಕಿಂತ, ನೀರು ಎಲ್ಲಿ ನಿಂತಿದೆ ಎಂದು ಹುಡುಕಿ. ದೊಡ್ಡ ಕೊಳವೆ, ನೆಲಮಟ್ಟದ ಜಲಾಗಾರ, ಬಡಾವಣೆಗೆ ಬರುವ ಫೀಡರ್, ನಿಮ್ಮ ಬೀದಿಯ ಲೈನು, ಕೊನೆಗೆ ನಿಮ್ಮ ಸಂಪು. ನಿಮ್ಮ ಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಕಚೇರಿಯಲ್ಲಿ ಈ ಐದರ ಸ್ಥಿತಿಯನ್ನೂ ಬರೆಸಿಕೊಳ್ಳಿ. ಬೀದಿಯವರೆಗೂ ಬಂದು ನಿಮ್ಮ ಗೇಟಿನಲ್ಲೇ ನಿಂತಿದ್ದರೆ ತೊಡಕು ಕಾಗದದಲ್ಲಿದೆ. ನಿರಾಕ್ಷೇಪಣಾ ಪತ್ರದ ಹಂತದಲ್ಲಿ ಬಿಲ್ಡರ್ ಕಟ್ಟುವುದು ಅಂದಾಜಿನ ಮುಂಗಡ ಮಾತ್ರ. ಸಂಪರ್ಕ ಕೊಡುವಾಗ ವಾಸ್ತವ ವಿಸ್ತೀರ್ಣ ಅಳೆದು ಬಾಕಿ ಕೇಳುತ್ತಾರೆ. ನಕ್ಷೆ ಮೀರಿ ಕಟ್ಟಿದ್ದರೆ ಬಾಕಿ ದೊಡ್ಡದಿರುತ್ತದೆ, ಸ್ವಾಧೀನ ಪ್ರಮಾಣಪತ್ರವೂ (ಓಸಿ) ಇರುವುದಿಲ್ಲ. ಸ್ವಾಧೀನ ಅಥವಾ ಪೂರ್ಣತಾ ಪ್ರಮಾಣಪತ್ರ ನೋಡದೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಇದನ್ನು ಮಾತಿನಲ್ಲಿ ಮುಗಿಸುವ ಹಾದಿ ಉಳಿದಿಲ್ಲ. ರಸೀದಿಯನ್ನು ಮತ್ತೊಮ್ಮೆ ಓದಿ: ಅದು ಮುಂಗಡದ್ದೋ, ಪೂರ್ಣ ಪಾವತಿಯದೋ?

ಪ್ರಶ್ನೆ: ಕರಾರು ಆಗಿ ಎರಡು ವರ್ಷದ ಮೇಲೆ ‘ಸರ್ಕಾರ ಶುಲ್ಕ ಏರಿಸಿದೆ’ ಎಂದು ಬಿಲ್ಡರ್ ಇನ್ನೂ 1.8 ಲಕ್ಷ ಕೇಳುತ್ತಿದ್ದಾರೆ. ಕೊಡದಿದ್ದರೆ ನೋಂದಣಿ ಇಲ್ಲವಂತೆ.
– ಓದುಗರು, ಥಣಿಸಂದ್ರ

ಉತ್ತರ: ಮಾದರಿ ಕರಾರಿನಲ್ಲಿ ಇದಕ್ಕೆ ನೇರ ಉತ್ತರವಿದೆ. ಒಟ್ಟು ಬೆಲೆ ಏರುವಂತಿಲ್ಲ. ಪ್ರಾಧಿಕಾರ ಹಾಕುವ ಅಭಿವೃದ್ಧಿ ಶುಲ್ಕ ಅಥವಾ ಇತರ ಶುಲ್ಕ ಏರಿದರೆ ಮಾತ್ರ ಆ ಏರಿಕೆಯನ್ನು ದಾಟಿಸಬಹುದು. ಹಾಗೆ ದಾಟಿಸುವಾಗ ಬೇಡಿಕೆ ಪತ್ರದ ಜೊತೆ ಸಂಬಂಧಪಟ್ಟ ಅಧಿಸೂಚನೆ ಅಥವಾ ಆದೇಶವನ್ನು ಲಗತ್ತಿಸಲೇಬೇಕು. ಇನ್ನೂ ಮುಖ್ಯವಾದದ್ದು, ರೇರಾದಲ್ಲಿ ನೋಂದಾಯಿಸಿದ ಪೂರ್ಣಗೊಳಿಸುವ ದಿನಾಂಕ (ವಿಸ್ತರಣೆ ಸಿಕ್ಕಿದ್ದರೆ ಅದೂ ಸೇರಿ) ಕಳೆದ ಮೇಲೆ ಬಂದ ಹೊಸ ಶುಲ್ಕವನ್ನು ಕೊಳ್ಳುವವರ ಮೇಲೆ ಹಾಕುವಂತಿಲ್ಲ. ತಡ ಮಾಡಿದ್ದು ಬಿಲ್ಡರ್, ತಡದ ಹೊರೆಯೂ ಬಿಲ್ಡರಿನದೇ.

ಎರಡು ದಿನಾಂಕಗಳನ್ನು ಪಕ್ಕಪಕ್ಕ ಇಡಿ: ಕೆ-ರೇರಾ (ಕರ್ನಾಟಕದ ರೇರಾ ಪ್ರಾಧಿಕಾರ) ಜಾಲತಾಣದಲ್ಲಿರುವ ಪೂರ್ಣಗೊಳಿಸುವ ದಿನಾಂಕ, ಶುಲ್ಕ ಏರಿಸಿದ ಆದೇಶದ ದಿನಾಂಕ. ಆಮೇಲೆ ಇಷ್ಟೇ ಬರೆದು ಇಮೇಲ್ ಮಾಡಿ: “ಬೇಡಿಕೆಗೆ ಆಧಾರವಾದ ಆದೇಶದ ಪ್ರತಿ, ಪ್ರಾಧಿಕಾರದ ಡಿಮ್ಯಾಂಡ್ ನೋಟಿಸ್, ಪಾವತಿಯ ಚಲನ್, ನಮ್ಮ ಫ್ಲಾಟಿಗೆ ಪಾಲು ಹಂಚಿದ ಲೆಕ್ಕ ಕಳುಹಿಸಿ. ಅವು ಕೈಸೇರಿದ ಮೇಲೆ ಕರಾರಿನಂತೆ ಕೊಡಬೇಕಾದುದನ್ನು ಕೊಡುತ್ತೇವೆ.” ಕೊಡುವುದಿಲ್ಲ ಎಂದು ಮಾತ್ರ ಬರೆಯಬೇಡಿ; ಪಾವತಿ ತಪ್ಪಿಸಿದವರು ಎಂಬ ಹಣೆಪಟ್ಟಿ ಕಟ್ಟಲು ಅದೇ ಸಾಕು. ಉತ್ತರ ಬಾರದಿದ್ದರೆ ಈ ಇಮೇಲನ್ನೇ ಲಗತ್ತಿಸಿ ಕೆ-ರೇರಾದಲ್ಲಿ ಆನ್‌ಲೈನ್ ದೂರು ಸಲ್ಲಿಸಿ. ಹಣ ಕೊಟ್ಟೇ ನೋಂದಣಿ ಮಾಡಿಸಿಕೊಳ್ಳುವ ಅನಿವಾರ್ಯವಿದ್ದರೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆದು ಕೊಡಿ, ನಗದು ಬೇಡ.

ನಿಮ್ಮ ಕರಾರು ಮಾದರಿಯಂತೆ ಇದೆಯೋ ಇಲ್ಲವೋ ಎಂಬುದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ‘ಅಂದಾಜು ಶುಲ್ಕ, ವಾಸ್ತವಕ್ಕೆ ತಕ್ಕಂತೆ ಬದಲಾಗಬಹುದು’ ಎಂಬ ಒಂದು ಸಾಲನ್ನು ಅನುಬಂಧದಲ್ಲಿ ತುರುಕಿರುತ್ತಾರೆ. ಆ ಸಾಲಿದ್ದರೆ ಅದನ್ನೇ ಹಿಡಿದುಕೊಳ್ಳಿ. ವಾಸ್ತವಕ್ಕೆ ತಕ್ಕಂತೆ ಎಂದಮೇಲೆ ವಾಸ್ತವದ ಚಲನ್ ತೋರಿಸಬೇಕು, ಕಡಿಮೆಯಾಗಿದ್ದರೆ ಹಿಂದಿರುಗಿಸಬೇಕು.

ಪ್ರಶ್ನೆ: ಹೊಸಕೋಟೆ ಕಡೆ ಸೈಟು ನೋಡುತ್ತಿದ್ದೇವೆ. ‘ಅಭಿವೃದ್ಧಿ ಶುಲ್ಕ ಎಲ್ಲಾ ಕಟ್ಟಾಗಿದೆ’ ಎನ್ನುತ್ತಾರೆ. ನಂಬುವುದು ಹೇಗೆ?
– ಓದುಗರು, ಕೋಲಾರ

ಉತ್ತರ: ರಸೀದಿಗಿಂತ ಹೆಚ್ಚು ತೂಕದ ಕಾಗದಗಳು ಮೂರಿವೆ. ಯೋಜನಾ ಪ್ರಾಧಿಕಾರ ಕೊಟ್ಟ ಲೇಔಟ್ ಅನುಮೋದನೆ. ರಸ್ತೆ, ಉದ್ಯಾನದ ಜಾಗವನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ನೋಂದಾಯಿತ ರಿಲಿಂಕ್ವಿಶ್‌ಮೆಂಟ್ ಡೀಡ್. ನಿಮ್ಮ ಸೈಟಿನ ಸಂಖ್ಯೆ ಇರುವ ಬಿಡುಗಡೆ ಆದೇಶ. ಸೈಟುಗಳನ್ನು ಒಮ್ಮೆಲೇ ಬಿಡುಗಡೆ ಮಾಡದೆ ಚರಂಡಿ, ರಸ್ತೆ, ದೀಪದ ಕೆಲಸ ಮುಗಿದಂತೆ ಹಂತಹಂತವಾಗಿ ಬಿಡುವುದು ಕೆಲಸ ಮಾಡಿಸುವುದಕ್ಕೆಂದೇ. ಬಿಡುಗಡೆಯಾಗದ ಸೈಟು ಕೊಂಡರೆ ಆ ಹಿಡಿತವನ್ನು ನೀವೇ ಸಡಿಲ ಮಾಡಿದಂತೆ. ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11-ಎ ಕೇಳಿ. 11-ಬಿ ತೋರಿಸಿದರೆ ಅನುಮೋದಿತ ಲೇಔಟ್ ಅಲ್ಲ ಎಂದೇ ಅರ್ಥ. ಆಗ ಎಷ್ಟು ರಸೀದಿ ಇದ್ದರೂ ನಾಳೆ ಅಭಿವೃದ್ಧಿ ಶುಲ್ಕ ಕೇಳುವುದು ನಿಮ್ಮನ್ನೇ.

ಪ್ರಶ್ನೆ: ನೋಂದಣಿಯಲ್ಲೂ ಮೂಲಸೌಕರ್ಯಕ್ಕೆ ಹಣ ಹೋಗುತ್ತದೆಯೇ?
– ಓದುಗರು, ತುಮಕೂರು

ಉತ್ತರ: ಹೋಗುತ್ತದೆ. ನಗರ ಪ್ರದೇಶದ 80 ಲಕ್ಷದ ಫ್ಲಾಟಿಗೆ ಶೇ 5ರ ಮುದ್ರಾಂಕ ಶುಲ್ಕ 4 ಲಕ್ಷ. ಅದರ ಮೇಲೆ ಶೇ 10 ಸೆಸ್ 40 ಸಾವಿರ, ಶೇ 2 ಸರ್ಚಾರ್ಜ್ 8 ಸಾವಿರ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿರುವುದರಿಂದ ಅದು 1.6 ಲಕ್ಷ. ಒಟ್ಟು 6.08 ಲಕ್ಷ. ಮೂಲಸೌಕರ್ಯದ ಹೆಸರಿನದು ಆ 40 ಸಾವಿರದ ಸೆಸ್.

ಪ್ರಶ್ನೆ: ಗುರುಗ್ರಾಮದಲ್ಲಿ ಫ್ಲಾಟ್ ಕೊಳ್ಳುವಾಗ ಇಡಿಸಿ, ಐಡಿಸಿ ಎಂದು ಬೇರೆಯಾಗಿಯೇ ಕಟ್ಟಿಸಿಕೊಂಡರು. ಸೆಕ್ಟರ್ ರಸ್ತೆ ಇಂದಿಗೂ ಆಗಿಲ್ಲ. ಬೆಂಗಳೂರಿನ ಪದ್ಧತಿಗೂ ಇದಕ್ಕೂ ಏನು ವ್ಯತ್ಯಾಸ?
– ಕನ್ನಡಿಗ ಓದುಗರು, ಗುರುಗ್ರಾಮ

ಉತ್ತರ: ಇಡಿಸಿ ಅಂದರೆ ಬಾಹ್ಯ ಅಭಿವೃದ್ಧಿ ಶುಲ್ಕ, ಐಡಿಸಿ ಅಂದರೆ ಅಲ್ಲಿ ಮೂಲಸೌಕರ್ಯ ಅಭಿವೃದ್ಧಿ ಶುಲ್ಕ. ಹರಿಯಾಣದಲ್ಲಿ 1975ರ ನಗರ ಪ್ರದೇಶಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆಯಂತೆ ಖಾಸಗಿ ಬಿಲ್ಡರಿಗೆ ಲೈಸೆನ್ಸ್ ಕೊಡುವಾಗಲೇ ಎಕರೆಗೆ ಇಷ್ಟು ಎಂದು ನಿಗದಿ ಮಾಡಿ, ಬ್ಯಾಂಕ್ ಗ್ಯಾರಂಟಿ ಪಡೆದು, ಉಳಿದದ್ದಕ್ಕೆ ಕಂತು ಕೊಡುತ್ತಾರೆ. ರಸ್ತೆ, ನೀರಿನ ದೊಡ್ಡ ಕೆಲಸಗಳನ್ನು ಸರ್ಕಾರಿ ಸಂಸ್ಥೆಗಳೇ ಮಾಡಬೇಕು. 2017ರಿಂದ ಈಚೆಗೆ ಗುರುಗ್ರಾಮ ಮಹಾನಗರ ಅಭಿವೃದ್ಧಿ ಪ್ರಾಧಿಕಾರವೂ ಇದೆ.

ಕಂತಿನಲ್ಲೇ ತೂತಿದೆ. ಬಿಲ್ಡರ್ ಕೊಳ್ಳುವವರಿಂದ ಚದರ ಅಡಿ ಲೆಕ್ಕದಲ್ಲಿ ಮೊದಲೇ ಪೂರ್ತಿ ವಸೂಲಿ ಮಾಡಿ, ಸರ್ಕಾರಕ್ಕೆ ಕಂತು ಕಟ್ಟದೆ ಆ ಹಣವನ್ನು ಮುಂದಿನ ಜಮೀನಿಗೆ ಹಾಕುತ್ತಾನೆ. ಬಾಕಿಗೆ ಬಡ್ಡಿ ಬೆಳೆಯುತ್ತದೆ, ಲೈಸೆನ್ಸ್ ನವೀಕರಣ ನಿಲ್ಲುತ್ತದೆ. ಹಣ ಬಂದಿಲ್ಲ ಎಂದು ಇಲಾಖೆ ರಸ್ತೆ ಮಾಡುವುದಿಲ್ಲ, ರಸ್ತೆ ಇಲ್ಲ ಎಂದು ಬಿಲ್ಡರ್ ಬಾಕಿ ಕಟ್ಟುವುದಿಲ್ಲ. ನಿಮ್ಮ ಪ್ರಾಜೆಕ್ಟಿನ ಲೈಸೆನ್ಸ್ ಸಂಖ್ಯೆ ಹಿಡಿದು ಅಲ್ಲಿನ ನಗರ ಯೋಜನಾ ಇಲಾಖೆಯಲ್ಲಿ ಬಾಕಿ ಎಷ್ಟೆಂದು ತೆಗೆಸಿ, ನೀವು ಕಟ್ಟಿದ ರಸೀದಿಗಳ ಮೊತ್ತದ ಪಕ್ಕದಲ್ಲಿಟ್ಟು ಹರಿಯಾಣ ರೇರಾಕ್ಕೆ ಒಯ್ಯಿರಿ. ನಮ್ಮಲ್ಲಿ ಶುಲ್ಕ ಬೆಲೆಯೊಳಗೋ ‘ಇತರೆ ಶುಲ್ಕ’ದ ಸಾಲಿನೊಳಗೋ ಕರಗಿಹೋಗಿರುತ್ತದೆ. ನಿಮ್ಮಲ್ಲಿ ಹೆಸರಿಟ್ಟು ವಸೂಲಾಗಿದೆ. ಪುರಾವೆಯ ದೃಷ್ಟಿಯಿಂದ ನಿಮ್ಮದೇ ವಾಸಿ.

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದ ಮೌಂಟನ್ ಹೌಸ್‌ನಲ್ಲಿ ಹೊಸ ಮನೆ ನೋಡಿದ್ದಾನೆ. ಆಸ್ತಿ ತೆರಿಗೆಯ ಜೊತೆ ‘ಮೆಲ್ಲೊ-ರೂಸ್’ ಎಂದು ವರ್ಷಕ್ಕೆ 3,800 ಡಾಲರ್ ಕಟ್ಟಬೇಕಂತೆ. ರಸ್ತೆ, ಶಾಲೆಗೆ ಬಿಲ್ಡರ್ ಆಗಲೇ ಕಟ್ಟಿದ್ದಾನೆ ಎಂದರಲ್ಲ, ಇದು ಎರಡನೇ ಸಲವೇ?
– ಓದುಗರು, ಮೈಸೂರು

ಉತ್ತರ: ಎರಡೂ ನಿಜ, ಎರಡೂ ಬೇರೆ. 1978ರಲ್ಲಿ ಅಲ್ಲಿನ ಮತದಾರರು ‘ಪ್ರೊಪೊಸಿಷನ್ 13’ ಮೂಲಕ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿದರು. ಹೊಸ ಬಡಾವಣೆಗೆ ಹಣ ಹೊಂದಿಸುವುದು ಊರುಗಳಿಗೆ ಕಷ್ಟವಾಯಿತು, ಎರಡು ದಾರಿ ಹುಟ್ಟಿದವು. ಒಂದು ಇಂಪ್ಯಾಕ್ಟ್ ಫೀ: ಬಿಲ್ಡರ್ ಒಮ್ಮೆ ಕಟ್ಟುತ್ತಾನೆ, ಮನೆಯ ಬೆಲೆಯಲ್ಲಿ ಸೇರಿರುತ್ತದೆ. ಎಲ್ ಡೊರಾಡೊ ಕೌಂಟಿಯಲ್ಲಿ ಒಬ್ಬರ ಒಂದೇ ಮನೆಗೆ 23,420 ಡಾಲರ್ ಸಂಚಾರ ಶುಲ್ಕ ಹಾಕಿದ್ದು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಇಂಥ ಶುಲ್ಕವನ್ನು ಶಾಸನಸಭೆಯೇ ನಿಗದಿ ಮಾಡಿದ್ದರೂ ಅದು ಸಂವಿಧಾನದ ಪರೀಕ್ಷೆಗೆ ಹೊರತಲ್ಲ ಎಂದು 2024ರಲ್ಲಿ ತೀರ್ಪಾಯಿತು.

ಇನ್ನೊಂದು, 1982ರ ಮೆಲ್ಲೊ-ರೂಸ್ ಕಾಯ್ದೆ. ಬಡಾವಣೆಯನ್ನೇ ಒಂದು ತೆರಿಗೆ ಜಿಲ್ಲೆ ಮಾಡಿ, ಬಾಂಡ್ ಮಾರಿ, ಆ ಸಾಲವನ್ನು ಮನೆಗಳ ಮೇಲಿನ ವಿಶೇಷ ತೆರಿಗೆಯಿಂದ ತೀರಿಸುವ ವ್ಯವಸ್ಥೆ. ಇದಕ್ಕೆ ಮೂರನೇ ಎರಡರಷ್ಟು ಮತ ಬೇಕು. ಆದರೆ ಆ ಜಾಗದಲ್ಲಿ 12ಕ್ಕಿಂತ ಕಡಿಮೆ ಮತದಾರರಿದ್ದರೆ ಜಮೀನಿನ ಒಡೆಯರೇ ಎಕರೆ ಲೆಕ್ಕದಲ್ಲಿ ಮತ ಹಾಕುತ್ತಾರೆ. ಖಾಲಿ ಹೊಲದಲ್ಲಿ ಬಿಲ್ಡರ್ ಒಬ್ಬನೇ ಮತ ಹಾಕಿ, ಮುಂದೆ ಬರುವ ಸಾವಿರಾರು ಮನೆಗಳ ತೆರಿಗೆಯನ್ನು ಗೊತ್ತುಮಾಡಬಹುದು!

ಮಗನಿಗೆ ಇಷ್ಟು ಕೇಳಲು ಹೇಳಿ. ತೆರಿಗೆ ಯಾವ ವರ್ಷ ಮುಗಿಯುತ್ತದೆ? ವರ್ಷಕ್ಕೆ ಏರಿಕೆ ಎಷ್ಟು? ಹಲವೆಡೆ ಇರುವಂತೆ ಶೇ 2 ಆದರೆ ಇಂದಿನ 3,800 ಡಾಲರ್ 20 ವರ್ಷಕ್ಕೆ ಸುಮಾರು 5,650 ಆಗುತ್ತದೆ. ರಸ್ತೆ, ಶಾಲೆ ಕಟ್ಟಿದ ಸಾಲಕ್ಕಷ್ಟೇ ತೆರಿಗೆಯೋ, ಉದ್ಯಾನ ನಿರ್ವಹಣೆಯಂಥ ಸೇವೆಗೂ ಸೇರಿದೆಯೋ? ಸೇವೆಯ ಭಾಗಕ್ಕೆ ಕೊನೆಯೇ ಇಲ್ಲದಿರಬಹುದು. ಪೂರ್ತಿ ತೀರಿಸಲು ಅವಕಾಶವಿದೆಯೇ? ಮಾರುವವರು ವಿಶೇಷ ತೆರಿಗೆಯ ನೋಟಿಸ್ ಕೊಡಲೇಬೇಕು. ಕೈಗೆ ಕೊಟ್ಟ 3 ದಿನ, ಅಂಚೆಯಲ್ಲಾದರೆ 5 ದಿನದೊಳಗೆ ಖರೀದಿ ರದ್ದು ಮಾಡಬಹುದು. ಬಾಕಿ ಬಿದ್ದರೆ ಸಾಮಾನ್ಯ ಆಸ್ತಿ ತೆರಿಗೆಗಿಂತ ಬಹಳ ಬೇಗ ಮನೆ ಹರಾಜಿಗೆ ಬರುವ ಸಾಲ ಇದು ಎಂಬುದನ್ನೂ ತಿಳಿಸಿ.

ಪ್ರಶ್ನೆ: ಹಳಬರು ಪುಕ್ಕಟೆ ಅನುಭವಿಸಿದ ರಸ್ತೆ, ನೀರಿಗೆ ಹೊಸಬರು ಮಾತ್ರ ಏಕೆ ಕಟ್ಟಬೇಕು? ಕಟ್ಟಿದ್ದು ನಮ್ಮ ಬಡಾವಣೆಗೇ ಖರ್ಚಾಗಿದೆ ಎಂದು ತಿಳಿಯುವುದು ಹೇಗೆ?
– ಓದುಗರು, ಯಲಹಂಕ

ಉತ್ತರ: ಹೊಸ ಬಡಾವಣೆಗೆಂದೇ ಎಳೆದ ಕೊಳವೆಗೆ ಆ ಬಡಾವಣೆಯವರು ಕೊಡುವುದು ಸರಿ. ವರ್ತುಲ ರಸ್ತೆ, ಮೆಟ್ರೋ ಇಡೀ ಊರು ಬಳಸುವಂಥವು. ಅದರ ಭಾರವನ್ನು ಹೊಸ ಮನೆಗಳ ಮೇಲೇ ಹೇರುವುದು ನಮ್ಮ ದೃಷ್ಟಿಯಲ್ಲಿ ಸುಲಭದ ದಾರಿಯೇ ಹೊರತು ನ್ಯಾಯದ್ದಲ್ಲ. ಇನ್ನೂ ಮನೆಗೆ ಬಾರದವರು ಪ್ರತಿಭಟನೆ ಮಾಡುವುದಿಲ್ಲವಲ್ಲ! ಕ್ಯಾಲಿಫೋರ್ನಿಯಾದಲ್ಲಿ ಇಂಪ್ಯಾಕ್ಟ್ ಫೀಯನ್ನು ಬೇರೆ ಖಾತೆಯಲ್ಲಿಟ್ಟು ವರ್ಷವರ್ಷ ಲೆಕ್ಕ ಪ್ರಕಟಿಸಬೇಕು. ಐದು ವರ್ಷವಾದರೂ ಖರ್ಚಾಗದೆ ಉಳಿದ ಹಣ ಯಾತಕ್ಕೆಂದು ವಿವರಿಸಬೇಕು, ಇಲ್ಲದಿದ್ದರೆ ಹಿಂದಿರುಗಿಸಬೇಕು. ನಮ್ಮಲ್ಲಿ ಬಡಾವಣೆವಾರು ಲೆಕ್ಕ ತಾನಾಗಿ ಕಣ್ಣಿಗೆ ಬೀಳುವುದಿಲ್ಲ, ಮಾಹಿತಿ ಹಕ್ಕಿನಲ್ಲಿ ಎಳೆಯಬೇಕು.

ಅರ್ಜಿ ಬಿಲ್ಡರಿಗಲ್ಲ, ಶುಲ್ಕ ಪಡೆದ ಪ್ರಾಧಿಕಾರದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ‘ಏಕೆ ಖರ್ಚು ಮಾಡಿಲ್ಲ’ ಎಂದು ಕೇಳಿದರೆ ‘ಅದು ಮಾಹಿತಿಯಲ್ಲ’ ಎಂಬ ಹಿಂಬರಹ ಬರುತ್ತದೆ. ಪ್ರತಿಗಳನ್ನೇ ಕೇಳಿ: “ಸದರಿ ನಕ್ಷೆ ಮಂಜೂರಾತಿ ಸಂಖ್ಯೆಗೆ ಸೆಕ್ಷನ್ 18 ಮತ್ತು 18-ಎ ಅಡಿ ಪಾವತಿಯಾದ ಮೊತ್ತ, ದಿನಾಂಕ, ಶೀರ್ಷಿಕೆವಾರು ವಿವರ, ಆ ಹಣ ಜಮೆಯಾದ ಲೆಕ್ಕ ಶೀರ್ಷಿಕೆ, ಆ ಶೀರ್ಷಿಕೆಯ ಕಳೆದ ಐದು ಆರ್ಥಿಕ ವರ್ಷಗಳ ಜಮೆ ಮತ್ತು ಖರ್ಚಿನ ಪಟ್ಟಿ, ಕಾಮಗಾರಿಯ ಹೆಸರು ಮತ್ತು ಸ್ಥಳ ಸಹಿತ.” ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಜಲಮಂಡಳಿಯ ಪ್ರೋ-ರೇಟಾ ಲೆಕ್ಕಕ್ಕೆ ಮಂಡಳಿಗೇ ಇನ್ನೊಂದು ಅರ್ಜಿ ಹಾಕಿ.